ರಾಜಧಾನಿಯನ್ನು ನೋಡುವ ಬಗೆ

ದೇಶ ಸುತ್ತಬೇಕು, ಕೋಶ ಓದಬೇಕು ಎಂಬುದು ಹಿರಿಯರ ಮಾತು. ಈ ಎರಡನ್ನೂ ಬೇರೆ ಬೇರೆ ಕೆಲಸಗಳೆಂದು ಭಾವಿಸುವುದು ರೂಢಿ. ಆದರೆ ಸುತ್ತುವುದೂ ಓದುವುದೂ ಒಂದೇ ಹೊತ್ತಿನಲ್ಲಿ ನಡೆಯುವ ಸ್ಥಳಗಳು ಕೆಲವಿವೆ. ಹಳೆಯ ರಾಜಧಾನಿಗಳು ಅಂಥವು. ಅಲ್ಲಿ ನೆಲವೇ ಪುಸ್ತಕ, ಕಲ್ಲೇ ಪುಟ. ಆ ಪುಟವನ್ನು ತೆರೆದು ತೋರಿಸುವವನು ಮಾರ್ಗದರ್ಶಿ.

ರಾಜಧಾನಿಗಳನ್ನು ಒಂದು ದಿನದಲ್ಲಿ ತೋರಿಸುವ ಏರ್ಪಾಡು ಇಂದು ಜಗತ್ತಿನ ಎಲ್ಲೆಡೆಯೂ ಇದೆ. ರೋಮ್ ನಗರದಲ್ಲಿದೆ, ದೆಹಲಿಯಲ್ಲಿದೆ, ಮೈಸೂರಿನಲ್ಲಿಯೂ ಇದೆ. ಬೆಳಗ್ಗೆ ಬಸ್ಸು ಹೊರಡುತ್ತದೆ. ಮುಂದೆ ನಿಂತ ಮಾರ್ಗದರ್ಶಿ ಅರಸನ ಹೆಸರು, ಕಟ್ಟಿಸಿದ ವರ್ಷ, ಗೋಪುರದ ಎತ್ತರ ಇವನ್ನು ಒಂದೇ ಉಸಿರಿನಲ್ಲಿ ಹೇಳುತ್ತಾನೆ. ಒಂದೊಂದು ಸ್ಥಳಕ್ಕೆ ಕಾಲುಗಂಟೆ ಸಿಕ್ಕರೆ ಹೆಚ್ಚು. ಚಳಿಗಾಲ ಬಂತೆಂದರೆ ಶಿಕಾರಿಪುರ, ಸೊರಬ ಸೀಮೆಯ ಶಾಲೆಗಳಿಂದಲೂ ಮಕ್ಕಳು ಹೀಗೆಯೇ ದೂರದ ಊರುಗಳಿಗೆ ಹೊರಡುತ್ತಾರೆ. ರಾತ್ರಿ ಮನೆಗೆ ಮರಳಿದ ಮಗುವನ್ನು ತಾಯಿ, ‘ಏನೇನು ನೋಡಿದೆಯಪ್ಪಾ?’ ಎಂದು ಕೇಳಿದರೆ, ಅದು ಹತ್ತು ಹೆಸರುಗಳನ್ನು ಹೇಳಿ ನಿದ್ರೆ ಹೋಗುತ್ತದೆ. ಮರುದಿನ ಐದು ಹೆಸರು ಉಳಿಯುತ್ತವೆ, ಮರುವರ್ಷ ಎರಡು.

ಇದನ್ನು ಕಂಡು ಕೆಲವರು, ಒಂದು ದಿನದ ಪ್ರವಾಸದಿಂದ ಪ್ರಯೋಜನವಿಲ್ಲ, ನೋಡುವುದಾದರೆ ವಾರಗಟ್ಟಲೆ ಇದ್ದು ನೋಡಬೇಕು ಎನ್ನುವುದುಂಟು. ಈ ಮಾತು ವಿದ್ವಾಂಸರಿಗೆ ಒಪ್ಪುತ್ತದೆ. ಆದರೆ ರೈತನ ಮಗನಿಗೆ, ಕೂಲಿಯವನ ಮಗಳಿಗೆ ವಾರಗಟ್ಟಲೆ ಊರು ಬಿಟ್ಟಿರುವ ಅನುಕೂಲ ಎಲ್ಲಿಂದ ಬರಬೇಕು? ಅವರಿಗೆ ದೊರೆಯುವುದು ಒಂದೇ ದಿನ. ಆದ್ದರಿಂದ ಆ ಒಂದು ದಿನವನ್ನು ಹಳಿಯುವ ಬದಲು, ಅದನ್ನು ಕಳೆಯುವ ಬಗೆ ಹೇಗೆಂದು ವಿಚಾರ ಮಾಡುವುದು ಉಚಿತ. ಒಂದು ದಿನ ಸಾಕು. ಆದರೆ ಆ ದಿನ ಕಲ್ಲು ಮಾತನಾಡಬೇಕು, ಮಕ್ಕಳು ಕೇಳಬೇಕು.

ಮೊದಲು, ಯಾವ ರಾಜಧಾನಿಗೆ ಹೋಗಬೇಕು? ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಇಲ್ಲಿ ಚೆನ್ನಾಗಿ ಹೊಂದುತ್ತದೆ. ಕನ್ನಡನಾಡಿನ ಮೊದಲ ರಾಜವಂಶವಾದ ಕದಂಬರ ರಾಜಧಾನಿ ಬನವಾಸಿಯು ಸೊರಬ ತಾಲ್ಲೂಕಿನ ಗಡಿಯ ಆಚೆಗೇ, ವರದಾ ನದಿಯ ದಂಡೆಯ ಮೇಲಿದೆ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಬನವಾಸಿ ಪನ್ನಿರ್ಚ್ಛಾಸಿರವೆಂಬ ದೊಡ್ಡ ಪ್ರಾಂತಕ್ಕೆ ರಾಜಧಾನಿಯಾಗಿದ್ದ ಬಳ್ಳಿಗಾವೆಯು ಶಿಕಾರಿಪುರ ತಾಲ್ಲೂಕಿನಲ್ಲಿಯೇ ಇದೆ. ಕದಂಬ ವಂಶದ ಹುಟ್ಟನ್ನು ಹೇಳುವ ಶಾಸನಸ್ತಂಭವು ಬಳ್ಳಿಗಾವೆಗೆ ಕೂಗಳತೆಯೆನ್ನುವಷ್ಟು ಸಮೀಪದ ತಾಳಗುಂದದಲ್ಲಿದೆ. ಇಷ್ಟೆಲ್ಲವನ್ನೂ ಬೆನ್ನ ಹಿಂದಿಟ್ಟುಕೊಂಡು ದೂರದ ಅರಮನೆಗಳನ್ನು ನೋಡಲು ಹೋಗುವ ಮಕ್ಕಳಲ್ಲಿ ಎಷ್ಟೋ ಮಂದಿ ತಾಳಗುಂದದ ಕಂಬವನ್ನು ಒಮ್ಮೆಯೂ ಕಂಡಿರುವುದಿಲ್ಲ. ದೂರದ ಊರುಗಳನ್ನು ನೋಡಬಾರದೆಂದಲ್ಲ. ಮೊದಲ ಪ್ರವಾಸ ಮನೆಯ ಸಮೀಪದಿಂದ ಆರಂಭವಾದರೆ ಮುಂದಿನ ಪ್ರವಾಸಗಳಿಗೆ ಕಣ್ಣು ಸಿದ್ಧವಾಗುತ್ತದೆ.

ಆದರೆ ಇಲ್ಲಿ ಒಂದು ತೊಡಕುಂಟು. ರಾಜಧಾನಿಯೆಂದು ಕರೆದುಕೊಂಡು ಬಂದ ಮಕ್ಕಳು ಇಳಿದ ಕೂಡಲೆ ಕೇಳುವ ಪ್ರಶ್ನೆ, ‘ಅರಮನೆ ಎಲ್ಲಿ?’ ಎಂಬುದು. ಬಳ್ಳಿಗಾವೆಯಲ್ಲಿ ಅರಮನೆಯಿಲ್ಲ, ಬನವಾಸಿಯಲ್ಲಿಯೂ ಇಲ್ಲ. ಗದ್ದೆ, ಕೆರೆ, ಹೆಂಚಿನ ಮನೆ, ನಡುವೆ ಒಂದು ದೇವಾಲಯ, ಅದರ ಮುಂದೆ ಬಿಸಿಲಿನಲ್ಲಿ ನಿಂತ ಕಲ್ಲುಗಳು ಕಾಣುವುದು ಇಷ್ಟೆ. ಇದನ್ನು ವಿವರಿಸಲು ಬಾರದ ಮಾರ್ಗದರ್ಶಿ ಸಿಕ್ಕಿದರೆ ಮಕ್ಕಳು ನಿರಾಶರಾಗಿ ಬಸ್ಸಿಗೆ ಮರಳುತ್ತಾರೆ. ವಿವರಿಸಲು ಬಲ್ಲವನು ಸಿಕ್ಕಿದರೆ, ಅರಮನೆ ಏಕೆ ಉಳಿಯಲಿಲ್ಲ, ಉಳಿದಿರುವುದು ಏನು ಎಂಬ ಪ್ರಶ್ನೆಯೇ ಆ ದಿನದ ಪಾಠವಾಗುತ್ತದೆ.

ತಾಳಗುಂದದಿಂದ ಆರಂಭಿಸಬಹುದು. ಪ್ರಣವೇಶ್ವರ ದೇವಾಲಯದ ಮುಂದೆ ಎಂಟು ಮುಖಗಳ ಒಂದು ಶಿಲಾಸ್ತಂಭವಿದೆ. ಅದರ ಮೇಲಿನ ಬರೆಹ ಕ್ರಿ.ಶ. 5ನೆಯ ಶತಮಾನದ್ದು, ಭಾಷೆ ಸಂಸ್ಕೃತ, ರಚಿಸಿದವನು ಕುಬ್ಜನೆಂಬ ಕವಿ, ಕೆತ್ತಿಸಿದ್ದು ಕದಂಬ ಶಾಂತಿವರ್ಮನ ಕಾಲದಲ್ಲಿ. ಅಕ್ಷರಗಳು ಅಡ್ಡ ಸಾಲಿನಲ್ಲಿ ಓಡದೆ ಕಂಬದ ಉದ್ದಕ್ಕೆ, ಕೆಳಗಿನಿಂದ ಮೇಲಕ್ಕೆ ಏರುತ್ತವೆ. ಮಯೂರಶರ್ಮನು ಗುರು ವೀರಶರ್ಮನೊಡನೆ ವಿದ್ಯಾರ್ಜನೆಗಾಗಿ ಕಂಚಿಯ ಘಟಿಕಾಸ್ಥಾನಕ್ಕೆ ಹೋದುದು, ಅಲ್ಲಿ ಪಲ್ಲವರ ಕುದುರೆಯ ಸವಾರರೊಡನೆ ಜಗಳವಾಗಿ ಅವಮಾನ ಹೊಂದಿದುದು, ದರ್ಭೆಯನ್ನು ಹಿಡಿಯುತ್ತಿದ್ದ ಕೈಯಲ್ಲಿ ಖಡ್ಗವನ್ನು ಹಿಡಿದು ರಾಜ್ಯವನ್ನು ಕಟ್ಟಿದುದು ಎಲ್ಲವೂ ಈ ಕಂಬದಿಂದಲೇ ತಿಳಿದುಬಂದ ಸಂಗತಿಗಳು. ಕನ್ನಡನಾಡಿನ ಚರಿತ್ರೆಯ ಮೊದಲ ಅಧ್ಯಾಯವನ್ನು ಬರೆಯುವವರೆಲ್ಲರೂ ಈ ಕಂಬದ ಬುಡಕ್ಕೆ ಬಂದೇ ಬರೆಯಬೇಕು.

ಇಷ್ಟು ಹೇಳಿ ಮುಂದೆ ನಡೆಯುವ ಮಾರ್ಗದರ್ಶಿ ಅರ್ಧ ಕೆಲಸ ಮಾಡಿದಂತಾಯಿತು. ಈ ಕಂಬವನ್ನು ನಿಲ್ಲಿಸಿದ್ದು ಏಕೆ? ಯುದ್ಧದ ಗೆಲವಿಗಾಗಿ ಅಲ್ಲ. ಶಾಂತಿವರ್ಮನ ತಂದೆ ಕಾಕುತ್ಸ್ಥವರ್ಮನು ಇಲ್ಲಿಯ ಶಿವಾಲಯದ ಬಳಿ ಒಂದು ದೊಡ್ಡ ಕೆರೆಯನ್ನು ಕಟ್ಟಿಸಿದನು. ಆ ಕೆರೆಯ ನೆನಪಿಗಾಗಿ ಬರೆದ ಕಾವ್ಯದಲ್ಲಿ ವಂಶದ ಕಥೆಯೂ ಸೇರಿಕೊಂಡಿತು. ಕೆರೆ ಕಟ್ಟಿಸದಿದ್ದರೆ ಈ ಶಾಸನವಿಲ್ಲ. ಶಾಸನವಿಲ್ಲದಿದ್ದರೆ ಮಯೂರಶರ್ಮನ ಕಥೆ ಇಷ್ಟು ವಿವರವಾಗಿ ತಿಳಿಯುತ್ತಿರಲಿಲ್ಲ. ಒಂದು ರಾಜವಂಶದ ಕೀರ್ತಿ ನೀರಿನ ಆಸರೆಯಿಂದ ಉಳಿದುಬಂದ ಈ ಸಂಗತಿ, ಕೆರೆಯ ನೀರಿನಿಂದ ಭತ್ತ ಬೆಳೆಯುವ ಮನೆಗಳ ಮಕ್ಕಳಿಗೆ ಬೇಗ ಅರ್ಥವಾಗುತ್ತದೆ.

ಇದೇ ಸ್ಥಳದಲ್ಲಿ ಮಾರ್ಗದರ್ಶಿಯ ಪ್ರಾಮಾಣಿಕತೆಗೂ ಪರೀಕ್ಷೆಯಿದೆ. ಮಯೂರಶರ್ಮನು ಹದಿನೆಂಟು ಅಶ್ವಮೇಧಗಳನ್ನು ಮಾಡಿದನೆಂದು ಹೇಳುವುದುಂಟು. ಕೇಳಲು ರೋಮಾಂಚಕವಾದ ಮಾತು. ಆದರೆ ಆ ಮಾತು ಬರುವುದು ಹಲವು ಶತಮಾನಗಳ ತರುವಾಯದ ಶಾಸನಗಳಲ್ಲಿ. ಅವನ ಕಾಲಕ್ಕೆ ಸಮೀಪವಾದ ತಾಳಗುಂದದ ಕಂಬದಲ್ಲಿ ಅದಿಲ್ಲ. ಒಳ್ಳೆಯ ಮಾರ್ಗದರ್ಶಿ ಎರಡನ್ನೂ ಹೇಳುತ್ತಾನೆ. ಯಾವುದು ಎಲ್ಲಿದೆ ಎಂಬುದನ್ನೂ ಹೇಳುತ್ತಾನೆ. ಕೇಳುವವರನ್ನು ಮೆಚ್ಚಿಸಲು ಹೊರಟವನು ಹದಿನೆಂಟು ಕುದುರೆಗಳನ್ನು ಓಡಿಸಿಬಿಡುತ್ತಾನೆ.

ಇದು ಇಂದಿನ ಚಾಪಲ್ಯವೇನೂ ಅಲ್ಲ. ಕ್ರಿ.ಶ. 2ನೆಯ ಶತಮಾನದಲ್ಲಿ ಪೌಸೇನಿಯಸ್ ಎಂಬ ಪ್ರವಾಸಿಯು ಗ್ರೀಸ್ ದೇಶವನ್ನೆಲ್ಲ ಸುತ್ತಿ, ಅಲ್ಲಿಯ ಗುಡಿ ಗೋಪುರಗಳ ವಿವರಗಳನ್ನು ಬರೆದಿಟ್ಟನು. ಆರ್ಗಾಸ್ ಎಂಬ ಊರಿನ ಮಾರ್ಗದರ್ಶಿಗಳಿಗೆ ತಾವು ಹೇಳುವುದೆಲ್ಲವೂ ನಿಜವಲ್ಲವೆಂದು ಗೊತ್ತಿದ್ದರೂ ಹೇಳುವುದನ್ನು ಬಿಡುವುದಿಲ್ಲವೆಂದು ಅವನು ಆಗಲೇ ದೂರಿದ್ದಾನೆ. ಜನರ ನಂಬಿಕೆಯನ್ನು ಬದಲಿಸುವುದು ಸುಲಭವಲ್ಲವೆಂಬ ಕಾರಣವನ್ನೂ ಅವನೇ ಕೊಟ್ಟಿದ್ದಾನೆ. ಸಾವಿರದ ಎಂಟುನೂರು ವರ್ಷಗಳಾದರೂ ಆ ದೂರು ಹಳತಾಗಿಲ್ಲ.

ತಾಳಗುಂದದಿಂದ ಬಳ್ಳಿಗಾವೆಗೆ ಬಂದರೆ ಕಾಲವು 11–12ನೆಯ ಶತಮಾನಗಳಿಗೆ ಜಿಗಿಯುತ್ತದೆ. ದಕ್ಷಿಣ ಕೇದಾರವೆಂದು ಹೆಸರಾದ ಕೇದಾರೇಶ್ವರ, ನವುರಾದ ಕೆತ್ತನೆಯ ತ್ರಿಪುರಾಂತಕೇಶ್ವರ, ಎತ್ತರದ ಕಂಬದ ತುದಿಯಲ್ಲಿ ನಿಂತ ಗಂಡಭೇರುಂಡ ಇವು ಎಲ್ಲ ಪ್ರವಾಸಿಗಳೂ ನೋಡುವ ವಸ್ತುಗಳು. ಆದರೆ ಇಲ್ಲಿಯ ಶಾಸನಗಳನ್ನು ಕೇಳಿದವರಿಗೆ ಮಾತ್ರ ಕಾಣುವ ನಗರವೊಂದಿದೆ. ಹರಿ, ಹರ, ಬ್ರಹ್ಮ, ಜಿನ, ಬುದ್ಧ ಎಂಬ ಐದು ದೈವಗಳ ಮಠಗಳೂ ಒಂದೇ ಊರಿನಲ್ಲಿ ಇದ್ದುದನ್ನು ಶಾಸನ ಹೇಳುತ್ತದೆ. ಬೌದ್ಧಧರ್ಮವು ಕರ್ನಾಟಕದಲ್ಲಿ ಬಹುಮಟ್ಟಿಗೆ ಕ್ಷೀಣಿಸಿದ್ದ 11ನೆಯ ಶತಮಾನದಲ್ಲಿಯೂ ಇಲ್ಲಿ ಹೊಸದಾಗಿ ಒಂದು ವಿಹಾರವನ್ನು ಕಟ್ಟಿಸಲಾಯಿತು. ವಚನಕಾರರಲ್ಲಿ ಹಿರಿಯನಾದ ಅಲ್ಲಮಪ್ರಭುವಿನ ಹುಟ್ಟೂರು ಇದೇ ಎಂಬುದನ್ನು ನೆನೆದರೆ, ಹಲವು ಮತಗಳ ವಾದ ವಿವಾದಗಳನ್ನು ಕೇಳಿ ಬೆಳೆದ ಊರಿನಿಂದ ಅಂತಹ ಪ್ರಶ್ನಿಸುವ ಮನಸ್ಸು ಮೂಡಿದುದು ಸಹಜವೆನ್ನಿಸುತ್ತದೆ.

ಕೇದಾರೇಶ್ವರಕ್ಕೆ ಸೇರಿದ ಕಾಳಾಮುಖ ಯತಿಗಳ ಮಠಕ್ಕೆ ಕೋಡಿಯಮಠವೆಂದು ಹೆಸರಿತ್ತು. ಕೆರೆಯ ಕೋಡಿಯ ಬಳಿ ಇದ್ದುದರಿಂದ ಬಂದ ಹೆಸರದು. ಇಲ್ಲಿಯೂ ಮತ್ತೆ ಕೆರೆ! ಕ್ರಿ.ಶ. 1162ರ ಶಾಸನವು ಈ ಮಠದಲ್ಲಿ ನಡೆಯುತ್ತಿದ್ದ ಕೆಲಸಗಳನ್ನು ಪಟ್ಟಿಮಾಡಿದೆ. ನಾಲ್ಕು ವೇದಗಳು, ಪಾಣಿನಿ ಮತ್ತು ಶಾಕಟಾಯನ ಮೊದಲಾದವರ ವ್ಯಾಕರಣಗಳು, ದರ್ಶನಗಳು, ಕಾವ್ಯ ನಾಟಕಗಳು ಅಲ್ಲಿ ಪಾಠವಾಗುತ್ತಿದ್ದವು. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು, ಹಾಡುವವರು, ಕುಣಿಯುವವರು ಮೊದಲಾಗಿ ಬಂದವರಿಗೆಲ್ಲ ಅಲ್ಲಿ ಅನ್ನ ದೊರೆಯುತ್ತಿತ್ತು. ರೋಗಿಗಳಿಗೆ ಚಿಕಿತ್ಸೆಯೂ ನಡೆಯುತ್ತಿತ್ತು. ಒಂದೇ ಆವರಣದಲ್ಲಿ ವಿದ್ಯಾಲಯ, ಅನ್ನಛತ್ರ, ಆಸ್ಪತ್ರೆ! ಮಧ್ಯಾಹ್ನ ಬುತ್ತಿಯನ್ನು ಬಿಚ್ಚುವ ಹೊತ್ತಿಗೆ ಮಾರ್ಗದರ್ಶಿಯು ಈ ಪಟ್ಟಿಯನ್ನು ಓದಿ ಹೇಳಿದರೆ, ಬೇರೆ ವ್ಯಾಖ್ಯಾನ ಬೇಕಾಗುವುದಿಲ್ಲ. ‘ಅರಮನೆ ಎಲ್ಲಿ?’ ಎಂದು ಕೇಳಿದ ಹುಡುಗನಿಗೆ ಅರ್ಧ ಉತ್ತರ ಅಲ್ಲಿಯೇ ಸಿಗುತ್ತದೆ.

ಬಳ್ಳಿಗಾವೆಯಲ್ಲಿಯೂ ಐತಿಹ್ಯ ಮತ್ತು ಆಧಾರಗಳು ಅಕ್ಕಪಕ್ಕದಲ್ಲಿವೆ. ಹೊಯ್ಸಳ ರಾಣಿ ಶಾಂತಲೆ ಇಲ್ಲಿಯವಳೆಂದು ಜನರು ಅಭಿಮಾನದಿಂದ ಹೇಳುತ್ತಾರೆ. ಅದು ಐತಿಹ್ಯ; ಅದನ್ನು ಐತಿಹ್ಯವೆಂದೇ ಹೇಳುವುದರಲ್ಲಿ ತಪ್ಪಿಲ್ಲ. ಆದರೆ ಬೇಲೂರಿನ ಚೆನ್ನಕೇಶವ ದೇವಾಲಯದ ಶಿಲ್ಪಗಳನ್ನು ಕಡೆದವರಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ಇದ್ದರೆಂಬುದು ಅಲ್ಲಿಯ ಕಲ್ಲುಗಳ ಮೇಲೆಯೇ ಕೆತ್ತಿದ ಮಾತು. ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು 2023ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಅವುಗಳಲ್ಲಿ ಬೇಲೂರನ್ನು ಕಡೆದ ಕೈಗಳಲ್ಲಿ ಕೆಲವು ಶಿಕಾರಿಪುರ ಸೀಮೆಯ ಕೈಗಳು. ಇಂದಿಗೂ ಸೊರಬ, ಸಾಗರಗಳ ಗುಡಿಗಾರರು ಶ್ರೀಗಂಧದ ಮರದಲ್ಲಿ ಸೂಕ್ಷ್ಮ ಕೆತ್ತನೆಗೆ ಹೆಸರಾಗಿದ್ದಾರೆ. ರಾಣಿಯ ಕಥೆಗಿಂತ ಈ ಉಳಿಯ ಕಥೆಯಿಂದ ಮಕ್ಕಳು ಕಲಿಯಬೇಕಾದುದು ಹೆಚ್ಚು.

ದಾರಿಯಲ್ಲಿ ಬಂದಳಿಕೆಯಿದೆ, ಆನವಟ್ಟಿಯ ಸಮೀಪದಲ್ಲಿ ಕುಪ್ಪಟೂರಿದೆ. ಬಂದಳಿಕೆಯು ನಾಗರಖಂಡವೆಂಬ ನಾಡಿನ ಮುಖ್ಯ ಸ್ಥಳ. 10ನೆಯ ಶತಮಾನದ ಆರಂಭದಲ್ಲಿ, ರಾಷ್ಟ್ರಕೂಟರ ಕಾಲದಲ್ಲಿ, ನಾಗರಖಂಡದ ನಾಳ್ಗಾವುಂಡನು ತೀರಿಕೊಂಡಾಗ ಆ ಅಧಿಕಾರವು ಅವನ ಹೆಂಡತಿ ಜಕ್ಕಿಯಬ್ಬೆಗೆ ಬಂದಿತು. ಅವಳು ನಾಡನ್ನು ದಕ್ಷತೆಯಿಂದ ಆಳಿ, ರೋಗ ತಗುಲಿದಾಗ ಅಧಿಕಾರವನ್ನು ಮಗಳಿಗೊಪ್ಪಿಸಿ, ಬಂದಳಿಕೆಯ ಬಸದಿಯಲ್ಲಿ ಸಲ್ಲೇಖನ ವ್ರತದಿಂದ ದೇಹವನ್ನು ಬಿಟ್ಟಳು. ಇದು ಕಲ್ಲಿನಲ್ಲಿ ಬರೆದಿರುವ ವೃತ್ತಾಂತ. ಕುಪ್ಪಟೂರಿನಲ್ಲಿ 11ನೆಯ ಶತಮಾನದ ಉತ್ತರಾರ್ಧದಲ್ಲಿ ಕದಂಬ ರಾಣಿ ಮಾಳಲದೇವಿಯು ಜಿನಾಲಯವೊಂದನ್ನು ಮಾಡಿಸಿ, ಅಗ್ರಹಾರದ ಬ್ರಾಹ್ಮಣರನ್ನು ಗೌರವಿಸಿ, ಅವರಿಂದಲೇ ಅದಕ್ಕೆ ಬ್ರಹ್ಮಜಿನಾಲಯವೆಂಬ ಹೆಸರನ್ನು ಇಡಿಸಿದಳು. ಬಸ್ಸಿನಲ್ಲಿ ಕುಳಿತ ಹುಡುಗಿಯರು ಈ ಎರಡು ಹೆಸರುಗಳನ್ನಾದರೂ ನೆನಪಿನಲ್ಲಿ ಕೊಂಡೊಯ್ಯುವುದು ಒಳ್ಳೆಯದು.

ಇಳಿಹೊತ್ತಿಗೆ ಬನವಾಸಿ. ಬಾದಾಮಿಯ ಚಾಲುಕ್ಯ ಇಮ್ಮಡಿ ಪುಲಿಕೇಶಿಯು ಈ ನಗರವನ್ನು ಮುತ್ತಿದುದನ್ನು ಕ್ರಿ.ಶ. 634ರ ಐಹೊಳೆಯ ಶಾಸನ ವರ್ಣಿಸಿದೆ; ವರದೆಯು ಒಡ್ಯಾಣದಂತೆ ಸುತ್ತಿಕೊಂಡ ಊರಿನ ಚಿತ್ರ ಅದರಲ್ಲಿದೆ. ಇಂದಿಗೂ ನದಿಯ ದಂಡೆಯಲ್ಲಿ ನಿಂತವರಿಗೆ ಆ ವರ್ಣನೆಯ ಅರ್ಥ ತಾನಾಗಿ ತಿಳಿಯುತ್ತದೆ. ಆದಿಕವಿ ಪಂಪನು ತನ್ನ ‘ವಿಕ್ರಮಾರ್ಜುನ ವಿಜಯ’ದಲ್ಲಿ ಹಂಬಲಿಸಿದ ನಾಡು ಇದೇ. ಮಧುಕೇಶ್ವರ ದೇವಾಲಯದ ಆವರಣದಲ್ಲಿ ಐದು ಹೆಡೆಯ ನಾಗಶಿಲೆಯೊಂದಿದೆ. ಅದು ಕದಂಬರಿಗಿಂತಲೂ ಹಿಂದಿನ ಚುಟು ಸಾತಕರ್ಣಿಗಳ ಕಾಲದ್ದು. ಅದರ ಮೇಲಿನ ಭಾಷೆ ಪ್ರಾಕೃತ. ರಾಜವಂಶದ ಹೆಣ್ಣುಮಗಳೊಬ್ಬಳು ಒಂದು ನಾಗ, ಒಂದು ಕೆರೆ, ಒಂದು ವಿಹಾರ ಇವನ್ನು ದಾನಮಾಡಿದುದನ್ನು ಆ ಬರೆಹ ತಿಳಿಸುತ್ತದೆ. ನಾಗವನ್ನು ಕೆತ್ತಿದ ಶಿಲ್ಪಿ ನಟಕನ ಹೆಸರೂ ಅಲ್ಲಿದೆ.

ಈಗ ಆ ಹುಡುಗನ ಪ್ರಶ್ನೆಗೆ ಉತ್ತರ ಪೂರ್ಣವಾಯಿತು. ಅರಸರು ತಮಗಾಗಿ ಕಟ್ಟಿಸಿಕೊಂಡುದು ಮಣ್ಣಾಯಿತು. ಕೆರೆ, ಮಠ, ಗುಡಿ, ಬಸದಿ, ವಿಹಾರಗಳೆಂದು ಅವರು ಪರರಿಗಾಗಿ ಮಾಡಿದುದು ಕಲ್ಲಿನ ಮೇಲೆ ಹೆಸರಾಗಿ ಉಳಿಯಿತು. ಬೆಳಗ್ಗೆ ತಾಳಗುಂದದ ಕೆರೆ, ಮಧ್ಯಾಹ್ನ ಬಳ್ಳಿಗಾವೆಯ ಕೋಡಿ, ಸಂಜೆ ಬನವಾಸಿಯ ನಾಗಶಿಲೆಯ ಕೆರೆ ಮೂರೂ ಹೇಳುವ ಮಾತು ಒಂದೇ. ಇಂತಹ ಒಂದು ಮಾತನ್ನು ಮಕ್ಕಳು ತಾವೇ ಕಂಡುಕೊಳ್ಳುವಂತೆ ದಿನವನ್ನು ಹೊಂದಿಸುವುದೇ ಮಾರ್ಗದರ್ಶಿಯ ಜಾಣ್ಮೆ. ಅದಕ್ಕಾಗಿ ಒಂದೆರಡು ಸ್ಥಳಗಳನ್ನು ಬಿಡಬೇಕಾಗಿ ಬಂದರೆ ಬಿಡಲಿ. ಬಂದಳಿಕೆಯನ್ನೋ ಕುಪ್ಪಟೂರನ್ನೋ ಇನ್ನೊಂದು ದಿನಕ್ಕೆ ಉಳಿಸಿಕೊಂಡರೆ ನಷ್ಟವಿಲ್ಲ. ಹತ್ತು ಕಡೆ ಇಳಿದು ಏನನ್ನೂ ಕೇಳದೆ ಬರುವುದೇ ನಷ್ಟ.

ಹಾಗಾದರೆ ಇಂತಹ ಮಾರ್ಗದರ್ಶಿಗಳು ಎಲ್ಲಿ ಸಿಗುತ್ತಾರೆ? ದೂರದಿಂದ ಅವರನ್ನು ಕರೆಸಬೇಕಾಗಿಲ್ಲ. ಬಿ. ಎಲ್. ರೈಸ್ ಅವರು ಸಂಪಾದಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ ಶ್ರೇಣಿಯಲ್ಲಿ ಶಿಕಾರಿಪುರದ ಶಾಸನಗಳು 1902ರ 7ನೆಯ ಸಂಪುಟದಲ್ಲಿಯೂ ಸೊರಬದ ಶಾಸನಗಳು 1904ರ 8ನೆಯ ಸಂಪುಟದಲ್ಲಿಯೂ ಅಚ್ಚಾಗಿವೆ. ಅವುಗಳ ಸಂಖ್ಯೆ ನೂರಾರು. ಹಳ್ಳಿಯ ಶಾಲೆಯ ಉಪಾಧ್ಯಾಯರು ತಮ್ಮ ಊರಿನ ಶಾಸನವನ್ನು ಅವುಗಳಿಂದ ಬರೆದುಕೊಂಡು, ಅರ್ಥವನ್ನು ತಿಳಿದು, ಮೇಲಿನ ತರಗತಿಯ ನಾಲ್ಕಾರು ಮಕ್ಕಳಿಗೆ ಕಲಿಸಿದರೆ, ಆ ಊರಿಗೆ ಮಾರ್ಗದರ್ಶಿಗಳು ಹುಟ್ಟಿಕೊಂಡಂತೆಯೇ. ಪ್ರವಾಸಕ್ಕೆ ಬಂದ ಬೇರೆ ಊರಿನ ಮಕ್ಕಳಿಗೆ ತಾಳಗುಂದದ ಹುಡುಗಿಯೊಬ್ಬಳು ಕಂಬದ ಕಥೆಯನ್ನು ಹೇಳುವುದಕ್ಕಿಂತ ಉತ್ತಮವಾದ ಏರ್ಪಾಡು ಯಾವುದಿದೆ? ಸಂಬಳಕ್ಕೆ ಹೇಳುವವನಿಗೆ ಅದು ಉದ್ಯೋಗ. ಅವಳಿಗೆ ಅದು ತನ್ನ ಊರಿನ ಮಾನ.

ಇದರಲ್ಲಿ ಮಾನದ ಮಾತಲ್ಲದೆ ರಕ್ಷಣೆಯ ಮಾತೂ ಇದೆ. ಶಿಕಾರಿಪುರ, ಸೊರಬ ತಾಲ್ಲೂಕುಗಳಲ್ಲಿ ವೀರಗಲ್ಲು, ಮಾಸ್ತಿಗಲ್ಲುಗಳಿಲ್ಲದ ಹಳ್ಳಿ ಅಪರೂಪ. ದನಗಳನ್ನು ಬಿಡಿಸಲು ಹೋಗಿ, ಊರನ್ನು ಕಾಯಲು ಹೋಗಿ ಮಡಿದವರ ಕಲ್ಲುಗಳವು. ಪ್ರಸಿದ್ಧ ದೇವಾಲಯಗಳನ್ನು ಸರ್ಕಾರ ನೋಡಿಕೊಳ್ಳುತ್ತದೆ. ಹೊಲದ ಬದುವಿನಲ್ಲಿ ವಾಲಿದ ವೀರಗಲ್ಲನ್ನು ನೋಡಿಕೊಳ್ಳುವವರು ಯಾರು? ಓದಲು ಬಾರದವರ ಕಣ್ಣಿಗೆ ಶಾಸನವೂ ಚಪ್ಪಡಿಯೂ ಒಂದೇ. ಆದ್ದರಿಂದಲೇ ಅದು ಒಮ್ಮೆ ಬಟ್ಟೆ ಒಗೆಯುವ ಕಲ್ಲಾಗುತ್ತದೆ, ಒಮ್ಮೆ ಮನೆಯ ಮೆಟ್ಟಿಲಾಗುತ್ತದೆ, ಒಮ್ಮೆ ನಿಧಿಯ ಆಸೆಗೆ ಬಲಿಯಾಗಿ ಒಡೆದುಹೋಗುತ್ತದೆ. ತಾಳಗುಂದದಲ್ಲಿ 2013ರ ಉತ್ಖನನದ ಕಾಲದಲ್ಲಿ ಮೆಟ್ಟಿಲ ಬದಿಯ ಸಿಂಹ ಕಟಾಂಜನವೊಂದರ ಮೇಲೆ ಬರೆಹ ದೊರೆಯಿತು. ಅದು ಸುಮಾರು ಕ್ರಿ.ಶ. 370ರದೆಂದು ಪುರಾತತ್ತ್ವಜ್ಞರು ಗಣಿಸಿದ್ದಾರೆ. ಈ ಗಣನೆ ಸರಿಯಾದರೆ ಕನ್ನಡ ಪದಗಳುಳ್ಳ ಆ ಬರೆಹ ಹಲ್ಮಿಡಿಯ ಶಾಸನಕ್ಕಿಂತ ಹಳೆಯದಾಗುತ್ತದೆ. ಮಣ್ಣು ಅಷ್ಟು ಶತಮಾನ ಅದನ್ನು ಕಾಪಾಡಿತ್ತು. ನಿಧಿಗಳ್ಳನ ಗುದ್ದಲಿ ಅದಕ್ಕಿಂತ ಮೊದಲೇ ಅಲ್ಲಿಗೆ ಬಿದ್ದಿದ್ದರೆ ಕನ್ನಡ ಭಾಷೆಯ ಚರಿತ್ರೆಯ ಒಂದು ಪುಟ ಯಾರಿಗೂ ತಿಳಿಯದಂತೆ ಹರಿದುಹೋಗುತ್ತಿತ್ತು.

ಕಾನೂನು ಬೇಕು, ಕಾವಲುಗಾರರೂ ಬೇಕು. ಆದರೆ ಪ್ರತಿಯೊಂದು ಕಲ್ಲಿಗೂ ಕಾವಲು ಹಾಕುವುದು ಯಾವ ಸರ್ಕಾರಕ್ಕೂ ಸಾಧ್ಯವಾಗದು. ಅದರ ಮೇಲೆ ಏನು ಬರೆದಿದೆಯೆಂದು ಬಲ್ಲ ಹುಡುಗನೊಬ್ಬ ಊರಿನಲ್ಲಿದ್ದರೆ ಆ ಕಲ್ಲಿಗೆ ಅವನೇ ಕಾವಲು. ತನ್ನ ಊರಿನವನೊಬ್ಬ ದನಗಳನ್ನು ಕಾಯಲು ಹೋರಾಡಿ ಮಡಿದ ಕಥೆ ಆ ಕಲ್ಲಿನಲ್ಲಿದೆಯೆಂದು ತಿಳಿದ ಮೇಲೆ ಅದರ ಮೇಲೆ ಬಟ್ಟೆ ಒಗೆಯಲು ಯಾರ ಕೈಯೂ ಏಳಲಾರದು.

ಆದ್ದರಿಂದ ವರ್ಷಕ್ಕೊಮ್ಮೆ ಬರುವ ಆ ಒಂದು ದಿನವನ್ನು ಶಾಲೆಗಳು ವಿಚಾರಪೂರ್ವಕವಾಗಿ ಬಳಸಿಕೊಳ್ಳುವುದು ಅಗತ್ಯ. ಹೊರಡುವ ಮೊದಲು ಶಾಸನದ ಸಾರಾಂಶವನ್ನು ತರಗತಿಯಲ್ಲಿ ಓದಿಸಲಿ. ಸ್ಥಳದಲ್ಲಿ ಮಕ್ಕಳು ಇದನ್ನು ಮಾಡಿಸಿದವರು ಯಾರು, ಯಾವಾಗ, ಯಾರಿಗಾಗಿ, ಇದಕ್ಕೆ ಆಧಾರವೇನು ಎಂಬ ನಾಲ್ಕು ಪ್ರಶ್ನೆಗಳನ್ನು ಕೇಳಲಿ. ಈ ನಾಲ್ಕು ಪ್ರಶ್ನೆಗಳನ್ನು ಕಲಿತವರು ಮುಂದೆ ದೆಹಲಿಗೆ ಹೋದರೂ ರೋಮಿಗೆ ಹೋದರೂ ಕುರುಡುಗಣ್ಣಿನಿಂದ ಸುತ್ತುವುದಿಲ್ಲ. ಅರಸರು ಹೋದರು, ರಾಜ್ಯಗಳು ಅಳಿದವು, ರಾಜಧಾನಿಗಳು ಹಳ್ಳಿಗಳಾದವು. ಆದರೂ ಬಲ್ಲವರು ಓದಿ ಹೇಳುವಷ್ಟು ಕಾಲ ಬಳ್ಳಿಗಾವೆ, ಬನವಾಸಿಗಳಿಗೆ ಅಳಿವಿಲ್ಲ.